ಹಣೆಯ ಮೇಲಿನ ಅಂಕ

ಶಾಸಕರು ಸದನದಲ್ಲಿ ಮತ ಹಾಕಿದ ಮರುದಿನ, ಸಂಘಟನೆಗಳು ಕೊಟ್ಟ ಅಂಕ ಅವರ ಹಣೆಯ ಮೇಲೆ ಮೂಡುತ್ತಿತ್ತು; ಸಂಘಟನೆ ಅಂಕ ತಿದ್ದಿದರೆ ಹಣೆಯ ಮೇಲಿನದೂ ಬದಲಾಗುತ್ತಿತ್ತು. ಕಡಿಮೆ ಬಂದವರು ರುಮಾಲನ್ನು ಹುಬ್ಬಿನವರೆಗೆ ಇಳಿಸಿ ಓಡಾಡುತ್ತಿದ್ದರು. ಶಾಸಕಿ ನೀಲಾಂಬಿಕಾ ಪಟ್ಟೇದ ಮಾತ್ರ ನೂರಕ್ಕೆ ಬಂದ ಮೂವತ್ತೆಂಟನ್ನು ಮುಚ್ಚಿಕೊಳ್ಳದೆ ಶಾಲೆಯ ಅಡುಗೆಮನೆಗೆ ಬಂದರು.

ಬಿಸಿಯೂಟದ ಅಡುಗೆಯವರ ಸಂಘದ ಕಾರ್ಯದರ್ಶಿ ಮೆಹಬೂಬಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಆ ಅಂಕ ಕೊಟ್ಟವಳು ಅವಳೇ.

“ನಮ್ಮ ಪಗಾರ ಹೆಚ್ಚಸೋ ಮಸೂದೆಗೆ ನೀವು ಬ್ಯಾಡ ಅಂದ್ರಿ. ಅಂಕ ಇಳೀಲಾರದ ಇನ್ನೇನಾಗ್ತೈತ್ರಿ?” ಎಂದಳು.

“ಅಂಕ ಕೇಳಾಕ ಬಂದಿಲ್ಲ. ಹನ್ನೊಂದನೇ ಪುಟ ಓದವಾ,” ಎಂದು ನೀಲಾಂಬಿಕಾ ಮಸೂದೆಯ ಪ್ರತಿಯನ್ನು ಮುಂದಿಟ್ಟರು.

ಐವತ್ತು ವರ್ಷ ದಾಟಿದ ಅಡುಗೆಯವರನ್ನು ಕೆಲಸದಿಂದ ಬಿಡಿಸಬೇಕೆಂದು ಅಲ್ಲಿತ್ತು. ಸಂಘದ ಅರ್ಧಕ್ಕರ್ಧ ಜನ ಐವತ್ತು ದಾಟಿದವರೇ. ಮಸೂದೆಯ ಹೆಸರಷ್ಟೇ ನೋಡಿ ಅಂಕ ಹಾಕಿದ್ದಕ್ಕೆ ಮೆಹಬೂಬಿಗೆ ನಾಚಿಕೆಯಾಯಿತು. ಒಲೆ ಆರಿಸಿ, ತಾಲ್ಲೂಕುಗಳ ಪ್ರತಿನಿಧಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದಳು. ಅಂಕಗಳನ್ನು ತಿದ್ದಲು ಎಲ್ಲರೂ ಒಪ್ಪಿದರು.

“ತಪ್ಪು ನಂದ ಐತ್ರಿ ಅಕ್ಕಾರ. ಮಸೂದೆ ಮೇಲ್ಮನಿಗೆ ಯಾವಾಗ ಬರ್ತೈತಿ?”

“ನಾಳೆ.”

“ಹಂಗಾರ ಕೂತು ಉಣ್ರಿ,” ಎನ್ನುತ್ತ ಮೆಹಬೂಬಿ ತಟ್ಟೆಗೆ ಬಿಸಿ ಅನ್ನ ಬಡಿಸಿದಳು. “ಈ ಮಸೂದೆಗೆ ಹೂಂ ಅಂದ ಶಾಸಕರ ಅಂಕ ಸಂಜಿಯೊಳಗ ಸೊನ್ನಿ ಆಗ್ತೈತಿ. ನಾಳೆ ಕೈ ಎತ್ತೋರು ಅವರ ಹಣಿ ನೋಡಿ ಎತ್ತಲಿ.”