ಖಾಲಿ ಹುದ್ದೆ

ಆ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ಖಾಲಿ ಇತ್ತು. ಹೊಸಬರು ಬರುವವರೆಗೆ ವ್ಯಾಕರಣವನ್ನು ನೀವೇ ಕಲಿಸಬೇಕೆಂದು ಮುಖ್ಯೋಪಾಧ್ಯಾಯಿನಿ ಗಣಿತದ ಚನ್ನವೀರಯ್ಯನವರನ್ನು ಕೇಳಿಕೊಂಡರು.

“ನಿವೃತ್ತಿ ಹತ್ತಿರ ಬಂತು ಮೇಡಂ. ಉಳಿದ ಕಾಲವನ್ನು ನನ್ನ ಲೆಕ್ಕದೊಂದಿಗೇ ಕಳೆಯಲು ಬಿಡಿ.”

“ಕನ್ನಡದಲ್ಲೇ ಮಕ್ಕಳು ನಪಾಸಾದರೆ ಊರವರು ನಮ್ಮ ಮುಖಕ್ಕೆ ಉಗಿಯುತ್ತಾರೆ, ಸರ್. ಈ ಒಂದು ವರ್ಷ ಮಾತ್ರ.”

ಅವರು ಒಪ್ಪಿದರು. ಒಪ್ಪಿದ ಕೆಲಸವನ್ನು ಅರ್ಧಕ್ಕೆ ಬಿಡುವ ಮನುಷ್ಯ ಅವರಲ್ಲ. ನಾಮಪದ, ಕ್ರಿಯಾಪದ, ಸಂಧಿ, ಸಮಾಸ, ಉಪಮೆ, ರೂಪಕ ಎಂದರೇನೆಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಸಮಯ ಸಾಲದೆ ಬಂದಾಗ ಗಣಿತದ ಅವಧಿಯಲ್ಲೂ ಅದನ್ನೇ ಹೇಳಿಸಿದರು.

“ಸರ್, ಇವತ್ತಾದರೂ ಲೆಕ್ಕ ಮಾಡೋಣವಾ?” ಎಂದಳು ಮುಂದಿನ ಬೆಂಚಿನ ಹುಡುಗಿ.

“ಉಪಮೆಗೂ ರೂಪಕಕ್ಕೂ ವ್ಯತ್ಯಾಸವೇನು, ಮೊದಲು ಅದನ್ನು ಹೇಳು. ಲೆಕ್ಕ ಎಲ್ಲಿಗೂ ಓಡಿಹೋಗುವುದಿಲ್ಲ.”

ವಾರ್ಷಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿ ಎಲ್ಲರೂ ಪಾಸಾದರು. ಗಣಿತದಲ್ಲಿ ಅರ್ಧ ತರಗತಿ ನಪಾಸಾಯಿತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಇಲಾಖೆ ಕಳಿಸಿದ ಹೊಸ ಶಿಕ್ಷಕಿ ಬಂದರು. ಚನ್ನವೀರಯ್ಯನವರು ಗೇಟಿನವರೆಗೆ ಹೋಗಿ ಎದುರುಗೊಂಡು, ವ್ಯಾಕರಣದ ಪುಸ್ತಕವನ್ನು ಅವರ ಕೈಗಿತ್ತರು.

“ಬನ್ನಿ ತಾಯಿ. ನಿಮ್ಮ ಆಸ್ತಿಯನ್ನು ನಿಮಗೆ ಒಪ್ಪಿಸಿದ್ದೇನೆ. ಇನ್ನು ನಾನುಂಟು, ನನ್ನ ಲೆಕ್ಕವುಂಟು.”

ಶಿಕ್ಷಕಿ ಪುಸ್ತಕವನ್ನು ವಿನಯದಿಂದ ಹಿಂದಿರುಗಿಸಿದರು.

“ನಾನು ಗಣಿತದವಳು, ಸರ್. ಅಲ್ಲಿ ಕನ್ನಡಕ್ಕೆ ಒಳ್ಳೆಯ ಮೇಷ್ಟ್ರಿದ್ದಾರೆ, ಲೆಕ್ಕ ಹೇಳಿಕೊಡುವವರೇ ಇಲ್ಲ ಅಂತ ಕಳಿಸಿದ್ದಾರೆ.”