ನಡುಗದ ಕೈ

ಇವನ ಕೈ ಒಮ್ಮೆಯಾದರೂ ನಡುಗಬಾರದಿತ್ತೇ? ಒಂದು ನಟ್ಟಾದರೂ ಕೆಳಗೆ ಬಿದ್ದಿದ್ದರೆ, ಕೆಲಸಕ್ಕೆ ಆಗದವನು ಎಂದು ಬರೆದು ಆಸ್ಪತ್ರೆಗೆ ಸಾಗಿಸಬಹುದಿತ್ತು ಎಂದುಕೊಂಡ ಕಾರ್ಖಾನೆಯ ಡಾಕ್ಟರ್. ಕೆಲಸಗಾರ ಯಂಕಪ್ಪ ಪರೀಕ್ಷೆಗೆಂದು ಕೊಟ್ಟ ಬೋಲ್ಟುಗಳಿಗೆಲ್ಲ ನಟ್ಟು ತಿರುಗಿಸಿ ಮುಗಿಸಿದ. ನೂರರಿಂದ ಏಳೇಳು ಕಳೆಯುತ್ತ ತಪ್ಪಿಲ್ಲದೆ ಎಣಿಸಿದ.

ಪೈಪಿನ ಬೆಸುಗೆ ಪರೀಕ್ಷಿಸುವ ವಿಕಿರಣ ಸೂಸುವ ಲೋಹದ ತುಣುಕು ನಿನ್ನೆ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಲು ಆ ಕೋಣೆಯೊಳಗೆ ಹೋದವನು ಇವನೇ. ಹೊರಬಂದವನೇ ವಾಂತಿ ಮಾಡಿಕೊಂಡಿದ್ದ. ತುಣುಕು ಇನ್ನೂ ಅಲ್ಲೇ ಇತ್ತು.

"ಕ್ಯಾಂಟೀನಿನ ಉಪ್ಪಿಟ್ಟು ಕೆಟ್ಟಿತ್ರೀ," ಎಂದು ಯಂಕಪ್ಪ ನಕ್ಕ. "ಇವತ್ತು ಗುಂಡಕಲ್ಲಿನಂಗ ಅದೀನಿ."

ಮ್ಯಾನೇಜರ್ ಡಾಕ್ಟರನನ್ನು ಬಾಗಿಲಾಚೆ ಕರೆದ. "ಕೈ ನಡೀತೈತಲ್ರೀ, ಮತ್ತ ಇವನ್ನೇ ಒಳಗ ಕಳಸೂಣು. ಹೆಂಗೂ ಇವ ಕೆಟ್ಟಾನ, ಇನ್ನೊಬ್ಬನ್ನ ಯಾಕ ಕೆಡಸೋದು?"

ಡಾಕ್ಟರ್ ಒಳಬಂದ.

"ಪಾಸಾದ್ನೇನ್ರೀ ಸಾಹೇಬ್ರ?"

"ಹೂಂ, ಪಾಸಾದಿ."

"ಹಂಗಾದ್ರ ಈಗ್ಲೇ ಹೊಕ್ಕೀನಿ ಬಿಡ್ರಿ. ನನ್ನ ಬಿಟ್ರ ಯಾರ ಕೈಯಾಗೂ ಅದು ಆಗಂಗಿಲ್ಲ," ಎಂದು ಯಂಕಪ್ಪ ಎದ್ದ.

ವಿಕಿರಣ ತಾಗಿದವರು ಬೀಳುವ ಮೊದಲು ಕೆಲವು ದಿನ ಹೀಗೇ ಗಟ್ಟಿಯಾಗಿರುತ್ತಾರೆ ಎಂದು ಡಾಕ್ಟರ್ ಅವನಿಗೆ ಹೇಳಲಿಲ್ಲ.