ಅಂಗೈಯಗಲ ಬಣ್ಣ

ಹುಳುಮನೆಯಲ್ಲಿ ರೇಷ್ಮೆಹುಳುಗಳ ತಟ್ಟೆಗಳ ಪಕ್ಕದಲ್ಲೇ, ಮುಚ್ಚಳವಿದ್ದ ಗಾಜಿನ ಬಟ್ಟಲಲ್ಲಿ ಪುಟ್ಟೀರಮ್ಮನ ಚರ್ಮದ ಬಣ್ಣವೂ ಬೆಳೆಯುತ್ತಿತ್ತು. ಎರಡೂ ಥಂಡಿ ತಡೆಯುವ ಜೀವಗಳಲ್ಲ. ಊರಿನಲ್ಲಿ ತೊನ್ನಿದ್ದವರೆಲ್ಲ ಈಗ ಹೀಗೆಯೇ ತಮ್ಮ ಕೂದಲ ಬುಡದ ಕಾಂಡಕೋಶ ಕೊಟ್ಟು ಮನೆಯಲ್ಲೇ ಬಣ್ಣ ಬೆಳೆಸಿಕೊಳ್ಳುತ್ತಿದ್ದರು. ಪುಟ್ಟೀರಮ್ಮನದು ಎರಡು ಸಲ ಕೆಟ್ಟು, ಮೂರನೆಯ ಸಲ ಅಂಗೈಯಗಲ ಬಂದಿತ್ತು.

“ಇಷ್ಟೇ ಆಗೋದು ಅಕ್ಕಾ. ಮುಖಕ್ಕೋ, ಕೈಗೋ?” ಎಂದಳು ನರ್ಸ್ ಶಶಿರೇಖಾ.

“ಮುಖಕ್ಕೇ ಹಾಕವ್ವ. ಬರೋ ತಿಂಗ್ಳು ಮೊಮ್ಮಗಳ ಮದ್ವೆ, ಬೀಗರು ನೋಡ್ತಾರೆ,” ಎಂದಳು ಬಾಗಿಲಲ್ಲಿ ಕೂತಿದ್ದ ಅತ್ತೆ.

ಪುಟ್ಟೀರಮ್ಮ ಮರಿಹುಳಗಳಿಗೆ ಸೊಪ್ಪು ಹೆಚ್ಚುತ್ತಿದ್ದ ತನ್ನ ಬಿಳಿಯ ಬಲಗೈಯನ್ನು ನೋಡಿಕೊಂಡಳು. ಹದಿನೆಂಟು ವರ್ಷದಿಂದ ಯಾವ ಪಂಕ್ತಿಯಲ್ಲೂ ಯಾರೂ ಆ ಕೈಯಿಂದ ಬಡಿಸಿಕೊಂಡಿರಲಿಲ್ಲ.

“ನನ್ ಮುಖ ಎಲ್ರೂ ನೋಡಿ ಮುಗೀತು. ಈ ಕೈಗೆ ಹಾಕು ಕಣವ್ವ. ಮಗಳ ಮದ್ವೇಲಾದ್ರೂ ನಾನು ಬಡಿಸ್ಬೇಕು.”

“ಮೂರು ವಾರ ಈ ಕೈಯಲ್ಲಿ ಕೆಲ್ಸ ಮಾಡಂಗಿಲ್ಲ, ಮತ್ತೆ,” ಎಂದಳು ಶಶಿರೇಖಾ.

“ಅಲ್ಲಿಗಂಟ ಹುಳ ಉಪಾಸ ಇರ್ತವಾ?” ಪುಟ್ಟೀರಮ್ಮ ದಣಿದ ನಗೆ ನಕ್ಕು, ಮತ್ತೆ ಸೊಪ್ಪು ಹೆಚ್ಚತೊಡಗಿದಳು.

ಅತ್ತೆ ನಿಧಾನಕ್ಕೆ ಎದ್ದು ಬಂದು, ತಾನೂ ಇಷ್ಟು ವರ್ಷ ಮುಟ್ಟದಿದ್ದ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕತ್ತಿಯನ್ನು ತೆಗೆದುಕೊಂಡಳು.